ಗಿಳಿ ಬಾಯಲ್ಲಿದ್ದ ಪಲ್ಲವಿ

ಕೆರೆ ಏರಿ ಮೇಲೆ ಕೋಗಿಲೆ, ಕಪ್ಪೆ ಅಂತ ಒಂದು ಹೆಸರಾಂತ ಜೋಡಿ ಇತ್ತು. ಇಬ್ಬರೂ ಕೂತು ಹಾಡು ಕಟ್ಟೋವಾಗ ಗಿಳಿಯನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋರು. ಕೇಳಿದ್ದನ್ನೆಲ್ಲ ನೆನಪಿಟ್ಕೊಳ್ಳೋದು ಅದರ ಕೆಲಸ. ಆ ಕಚ್ಚಾ ಹಾಡುಗಳನ್ನ ಯಾರ ಮುಂದೆಯೂ ಒಪ್ಪಿಸಬಾರದು ಅಂತ ಕಟ್ಟಪ್ಪಣೆ.

ಒಂದು ಹಾಡು ಕೆರೆಗೆಲ್ಲ ಹುಚ್ಚು ಹಿಡಿಸ್ತು. ಅದರ ರಾಗ ನಂದು ಅಂತ ಕೋಗಿಲೆ, ನಂದು ಅಂತ ಕಪ್ಪೆ ಜಗಳ ಆಡಿ ಜೋಡಿನೇ ಮುರೀತು. ಮೂರು ವರ್ಷ ಮಾತಿಲ್ಲ. ಕೊನೆಗೆ ಇಬ್ಬರೂ ಕೆರೆಯೋರನ್ನೆಲ್ಲ ಸೇರಿಸಿ, "ಗಿಳಿಯಪ್ಪಾ, ಆ ಹಾಡು ಕಟ್ಟಿದ ಮೊದಲ ದಿನ ಕೇಳಿದ್ದನ್ನ ಇದ್ದದ್ದು ಇದ್ದಹಾಗೆ ಒಪ್ಪಿಸು," ಅಂದರು.

"ಪೂರ್ತಿನಾ?" ಅಂತು ಗಿಳಿ.

"ಒಂದಕ್ಷರ ಬಿಡಬೇಡ!"

ಗಿಳಿ ಮೊದಲು ಕೋಗಿಲೆ ದನಿ ತೆಗೀತು: "ಕಪ್ಪೆರಾಯ್ರೇ, ಬೆಳಗ್ಗೆಯಿಂದ ಒಂದು ರಾಗನೂ ಹೊಳೀತಿಲ್ಲ." ಆಮೇಲೆ ಕಪ್ಪೆ ದನಿ: "ನಂಗೂ ಅಷ್ಟೇ. ಊಟ ಮಾಡ್ಬಿಡೋಣ." ಆಮೇಲೆ ಜೋರಾಗಿ, "ಆ... ಆಆ... ಆಕ್ಷೀ!" ಕೂಡಲೇ ಮತ್ತೆ ಕೋಗಿಲೆ ದನಿ: "ಆಹಾ, ಹಿಡ್ಕೊಳ್ಳಿ, ಇದೇ ನಮ್ಮ ಪಲ್ಲವಿ! ಯಾರಿಗೂ ಹೇಳ್ಬೇಡಿ."

ಅಷ್ಟು ದೊಡ್ಡ ಸೀನು ಆ ಕೆರೆಲಿ ಒಬ್ಬರದ್ದೇ. ಎಲ್ಲರೂ ನೀರಲ್ಲಿ ಮಲಗಿದ್ದ ಎಮ್ಮೆ ಕಡೆ ತಿರುಗಿದರು.

"ಅವತ್ತು ನೆಗಡಿ ಆಗಿತ್ತು ಕಣ್ರಪ್ಪಾ," ಅಂತು ಎಮ್ಮೆ.

"ಗಿಳಿ ಸುಳ್ಳು ಹೇಳ್ತಿದೆ!" ಅಂತ ಕೋಗಿಲೆ, ಕಪ್ಪೆ ಒಟ್ಟಿಗೇ ಕಿರುಚಿದರು.

"ಮೂರು ವರ್ಷದ ಮೇಲೆ ಇವತ್ತು ಶ್ರುತಿ ಸೇರ್ತು," ಅಂತು ಗಿಳಿ. ಆ ಕಿರುಚಾಟನೂ ನೆನಪಿಟ್ಕೊಂಡಿತು.