ಮಂಡಕ್ಕಿಗೆ ಕಬಡ್ಡಿ

ಹರಿಹರದ ವೃತ್ತಿಪರ ಕಬಡ್ಡಿ ತಂಡದಲ್ಲಿ ಹಾಲೇಶಪ್ಪ ಟಿಕೆಟ್ ಗುಮಾಸ್ತ. ಮಾಲೀಕ ಗುರುಶಾಂತ ಶೆಟ್ಟರು ಟಿಕೆಟ್ ದರ ಏರಿಸಿದ ಮೇಲೆ ಊರವರು ಪಂದ್ಯಕ್ಕೆ ಬರುವುದನ್ನೇ ಬಿಟ್ಟಿದ್ದರು.

ಒಂದು ದಿನ ಶೆಟ್ಟರು ಗುಡುಗಿದರು: "ನಾಳೆ ಪಂದ್ಯ ನೋಡೋಕೆ ಪುಣೆಯಿಂದ ಸ್ಪಾನ್ಸರ್ ಬರ್ತಾರೆ. ಅವರು ಕೈ ಹಿಡೀದಿದ್ರೆ ತಂಡ ಮುಚ್ಚಬೇಕು. ಗ್ಯಾಲರಿ ತುಂಬಿಸು, ಇಲ್ಲಾಂದ್ರೆ ಮನೆಗೆ ಹೋಗು. ಒಬ್ಬರನ್ನೂ ಪುಕ್ಕಟೆ ಬಿಟ್ಟೀಯ, ಜೋಕೆ!"

ಹಾಲೇಶಪ್ಪ ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿದ: "ಟಿಕೆಟ್ಟಿಗೆ ದುಡ್ಡಿಲ್ಲದೋರು ಒಂದು ಸೇರು ಮಂಡಕ್ಕಿ ತನ್ನಿ!"

ಮರುದಿನ ಗ್ಯಾಲರಿಯಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಆಟಗಾರರು ಜನರ ಕೂಗಿಗೇ ಉಬ್ಬಿ ಆಡಿ ಗೆದ್ದರು. ವಸೂಲಿ ನೋಡಲು ಟಿಕೆಟ್ ಕೋಣೆಯ ಬಾಗಿಲು ತೆಗೆದ ಶೆಟ್ಟರ ಕಾಲ ಮೇಲೆ ಮಂಡಕ್ಕಿ ಸುರಿಯಿತು.

"ಏನೋ ಇದು!"

"ಪುಕ್ಕಟೆ ಬಿಡಬ್ಯಾಡ ಅಂದ್ರಿ, ಬಿಡಲಿಲ್ಲ ಸಾಹುಕಾರ್ರೇ. ದುಡ್ಡೇ ತಗೋ ಅಂದಿರಲಿಲ್ಲವಲ್ರೀ."

ಶೆಟ್ಟರು ಬಾಯಿ ತೆರೆಯುವಷ್ಟರಲ್ಲಿ ಸ್ಪಾನ್ಸರ್ ಬಂದು ಕೈ ಕುಲುಕಿದ. ಇಂಥ ತಂಡ ಸಣ್ಣ ಊರಲ್ಲಿರಬಾರದು ಎಂದು, ಶೆಟ್ಟರು ಹೇಳಿದ ಬೆಲೆಗೆ ಇಡೀ ತಂಡವನ್ನೇ ಕೊಂಡು ಪುಣೆಗೆ ಒಯ್ದ. ಶೆಟ್ಟರು ಹಾಲೇಶಪ್ಪನ ಬೆನ್ನು ತಟ್ಟಿದರು.

ಮುಂದಿನ ಭಾನುವಾರ ಜನ ಮತ್ತೆ ಮೈದಾನಕ್ಕೆ ಬಂದರು. "ಆಟ ಎಷ್ಟೊತ್ತಿಗಣ್ಣ?" ಎಂದು ಮುದುಕಿಯೊಬ್ಬಳು ಕೇಳಿದಳು.

"ಆಟ ಇಲ್ಲವ್ವ," ಎಂದ ಹಾಲೇಶಪ್ಪ. "ಉಳಿಸಾಕೆ ಹೋಗಿ ನಾನೇ ಕಳಕೊಂಡೆ."