ಹೆಗ್ಗಣ ರಿಪೇರಿ ಮಾಡಿಕೊಟ್ಟ ಕೇರಿ

ಮಾರ್ಕೆಟ್ ಚರಂಡಿಯ ಪಕ್ಕದ ಇಲಿಗಳ ಕೇರಿಯಲ್ಲಿ ಬಿಲಗಳು ಕುಸಿಯುತ್ತಿದ್ದವು. ಬಿಲಕ್ಕೊಂದರಂತೆ ಇಲಿಗಳು ದಿನವೂ ಕೇರಿಯ ಮಡಕೆಗೆ ಹಾಕುವ ಕಾಳನ್ನು ಕೇರಿಯ ಮರಿಗಳೆಲ್ಲ ತಿನ್ನುತ್ತಿದ್ದವು.

ಹೆಗ್ಗಣ ಬಂದು, "ಬಿಲಗಳನ್ನೆಲ್ಲ ನಾನು ಹೊಸದಾಗಿ ಕೊರೆದುಕೊಡುತ್ತೇನೆ. ಈಗ ಬೀಳುವ ನೂರು ಕಾಳು ನಿಮ್ಮದೇ. ಮುಂದೆ ಹೆಚ್ಚಿಗೆ ಬಿದ್ದದ್ದು ಮಾತ್ರ ಇಪ್ಪತ್ತು ವರ್ಷ ನನಗಿರಲಿ" ಎಂದಿತು.

ಎರಡೇ ವರ್ಷ ಬದುಕುವ ಇಲಿಗಳು, ಕೈಯಿಂದ ಒಂದು ಕಾಳೂ ಹೋಗಲಿಲ್ಲವೆಂದು ಹಿಗ್ಗಿ ಅದಕ್ಕೆ ಹಾರ ಹಾಕಿದವು.

ಕೇರಿ ಚೆಂದವಾಯಿತು. ಹೊಸ ಸಂಸಾರಗಳು ಬಂದು ಮುನ್ನೂರು ಕಾಳು ಬೀಳತೊಡಗಿತು. ಮಡಕೆಯ ಮುಂದೆ ಮರಿಗಳ ಸಾಲೂ ಮೂರು ಪಟ್ಟಾಯಿತು. ಹೆಗ್ಗಣ ಒಯ್ದು ಉಳಿದ ನೂರು ಕಾಳು ಎಲ್ಲಿಗೂ ಸಾಲಲಿಲ್ಲ.

"ಸ್ವಾಮಿ, ಮರಿಗಳು ಹಸಿದಿವೆ" ಎಂದಿತು ಮುದಿ ಇಲಿ.

ಹೆಗ್ಗಣ ಮೀಸೆ ಒರೆಸಿಕೊಂಡಿತು. "ಹೆಚ್ಚಿದ ಕಾಳು ನನ್ನದು ಅಂದಿದ್ದೆ. ಹೆಚ್ಚಿದ ಹೊಟ್ಟೆಗಳೂ ನನ್ನವು ಅಂದಿದ್ದೆನೆ?"