ಅಜ್ಜಾರ ಉಳಿದ ದನಿ

ಹೊಳೆಯ ದಂಡೆಯ ಮಠದಲ್ಲಿ ಒಬ್ಬ ಅಜ್ಜಾರು ಇದ್ದರು. ದೊಡ್ಡ ದೊಡ್ಡ ಶಾಸ್ತ್ರ ಓದಿದವರು. ಆದರೆ ಬೆಳಗಾದರೆ ಊರ ಸಣ್ಣ ಮಕ್ಕಳನ್ನು ಉಸುಕಿನಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸುವುದೇ ಅವರ ಪೂಜೆ.

ಕಲ್ಲಿನಾಥ ಅವರ ಶಿಷ್ಯ. ಆರು ವರ್ಷ ಮಠಕ್ಕೆ ನೀರು ಹೊತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ: ಗುರು ತನ್ನ ಬಾಯಿಂದ ಶಿಷ್ಯನ ಕಿವಿಗೆ ಹೇಳುವ ಮಂತ್ರ. ಅದನ್ನು ಬರೆದುಕೊಡುವಂತಿಲ್ಲ. ದನಿಯಲ್ಲೇ ಕೊಡಬೇಕು.

ಆ ವರ್ಷ ಅಜ್ಜಾರ ಗಂಟಲಲ್ಲಿ ಗಂಟು ಎದ್ದಿತು. ವೈದ್ಯ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಇನ್ನೊಂದು ತಿಂಗಳು ದನಿ ಇದ್ದೀತು. ಮಾತು ಕಮ್ಮಿ ಮಾಡ್ರಿ, ಅಜ್ಜಾರ."

ಅಂದಿನಿಂದ ಮಕ್ಕಳು ಕಲ್ಲಿನಾಥನ ಪಾಲಿಗೆ ಬಂದರು. ಅವನು ಕೂಗುವನು, ಮಕ್ಕಳು ತಿರುಗಿ ಕೂಗುವರು. ನೀಲವ್ವ ಒಬ್ಬಳೇ ಕೂಗುತ್ತಿರಲಿಲ್ಲ. ಐದು ವರ್ಷದ ಹುಡುಗಿ. ಮೂರರಲ್ಲಿ ಜ್ವರ ಬಂದು ಎದ್ದ ಮೇಲೆ ಮಾತೇ ನಿಂತಿತ್ತು. ಜ್ವರದಲ್ಲಿ ಅಂಜಿದ್ದಾಳೆ, ತಾನೇ ಆಡುತ್ತಾಳೆ ಎಂದು ಊರೆಲ್ಲ ಅಂದುಕೊಂಡಿತ್ತು.

ಒಂದು ದಿನ ಕಲ್ಲಿನಾಥನಿಗೆ ಸಿಟ್ಟು ನೆತ್ತಿಗೇರಿತು. ಅವಳ ಕಿವಿ ಹಿಂಡಿದ.

"ಎಷ್ಟು ಸಲ ಹೇಳ್ಬೇಕು ನಿನಗ? ಅನ್ನು!"

ಹುಡುಗಿ ಅತ್ತಳು. ಅನ್ನಲಿಲ್ಲ.

ಹೇಳಿಬಿಡುತ್ತೇನೆ, ಕಲ್ಲಿನಾಥ ಕೆಟ್ಟವನಲ್ಲ. ಅವನ ಜೀವವೆಲ್ಲ ಅಜ್ಜಾರ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಎದುರಿನ ಕೂಸು ಕಾಣಲಿಲ್ಲ. ಅಷ್ಟೇ.

ಅಜ್ಜಾರು ಎದ್ದು ಬಂದರು. ಜಾಗಟೆ ಹಿಡಿದು ನೀಲವ್ವನ ಬೆನ್ನ ಹಿಂದೆ ನಿಂತು ಢಣ್ ಎಂದು ಬಾರಿಸಿದರು. ಮಕ್ಕಳೆಲ್ಲ ಬೆಚ್ಚಿಬಿದ್ದರು. ನೀಲವ್ವ ಕಣ್ಣೊರೆಸಿಕೊಳ್ಳುತ್ತ ಉಸುಕಿನಲ್ಲಿ ಗೀಟು ಎಳೆಯುತ್ತಲೇ ಇದ್ದಳು.

"ನೀ ಹಿಂಡಿದ ಕಿವಿ ಅದು," ಎಂದರು ಅಜ್ಜಾರು.

ಕಲ್ಲಿನಾಥನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ನೀಲವ್ವನ ತಾಯಿ ಸಾವಂತ್ರೆವ್ವ ಬಂದಳು. ಮಗಳಿಗೆ ಕಿವಿ ಕೇಳಿಸದು ಎಂದಾಗ ಅವಳು ಅಚ್ಚರಿಪಡಲಿಲ್ಲ.

"ನನಗ ಗೊತ್ತಿತ್ರಿ, ಅಜ್ಜಾರ. ಬಾಯಿ ಬಿಟ್ಟು ಹೇಳಾಕ ಧೈರ್ಯ ಸಾಲಲಿಲ್ಲ. ಮೊದಲು ಅವ್ವಾ ಅಂತಿದ್ಲು. ಇನ್ನೊಮ್ಮೆ ಅಂದಿದ್ರ ಸಾಕಿತ್ರಿ ನನಗ."

ಮರುದಿನ ಅಜ್ಜಾರು ನೀಲವ್ವನ ಅಂಗೈಯ ಮೇಲೆ ಚಿಟಿಕೆ ವಿಭೂತಿ ಇಟ್ಟು, ಬಾಯಿ ಹತ್ತಿರ ತಂದು "ಪ" ಎಂದರು. ವಿಭೂತಿ ಹಾರಿತು. "ಮ" ಎಂದರು. ಹಾರಲಿಲ್ಲ. ಅವಳ ಬೆರಳನ್ನು ತಮ್ಮ ಮೂಗಿನ ಮೇಲೆ ಇಟ್ಟುಕೊಂಡರು. ಮೂಗು ನಡುಗುತ್ತಿತ್ತು. ಹುಡುಗಿ ತನ್ನ ಮೂಗನ್ನೂ ಮುಟ್ಟಿ ನೋಡಿಕೊಂಡಳು.

"ಅಜ್ಜಾರ, ವಿಭೂತಿ ಆಟಕ್ಕೇನ್ರಿ?" ಎಂದ ಕಲ್ಲಿನಾಥ.

"ಹಣಿ ಮ್ಯಾಲೆ ಸುಮ್ನ ಕುಂತಿರ್ತೈತಿ. ಒಂದಿಷ್ಟು ದುಡೀಲಿ ಬಿಡೋ, ತಮ್ಮಾ."

ಆಮೇಲೆ "ಗ". ಅವಳ ಅಂಗೈಯನ್ನು ತಮ್ಮ ಗಂಟಲಿಗೆ, ಆ ಗಂಟಿನ ಮೇಲೆಯೇ ಒತ್ತಿಕೊಂಡರು. ನೋವಿಗೆ ಕಣ್ಣಲ್ಲಿ ನೀರು ಬಂತು. ಅವಳು ಕೈ ತೆಗೆದರೆ ಮತ್ತೆ ಹಿಡಿದು ಇಟ್ಟರು.

ದಿನಕ್ಕೆ ನೂರು ಸಲ. ದನಿ ತೆಳ್ಳಗಾಗುತ್ತ ಬಂತು.

"ಸಾಕ್ರಿ ಅಜ್ಜಾರ. ನನ್ನ ಗಂಟಲು ಗಟ್ಟಿ ಐತಿ, ನಾ ಕಲಿಸ್ತೀನಿ."

"ಕರದು ನೋಡು. ಬರ್ತಾಳೇನು?"

ಕಲ್ಲಿನಾಥ ಕೈ ಚಾಚಿದ. ನೀಲವ್ವ ಕಿವಿ ಮುಚ್ಚಿಕೊಂಡು ಅಜ್ಜಾರ ಬೆನ್ನ ಹಿಂದೆ ಅಡಗಿದಳು.

ಅವನ ಚಾಚಿದ ಕೈ ಕೆಳಗಿಳಿಯಿತು.

"ಹಂಗಾರ ನನ್ನ ಮಂತ್ರ, ಅಜ್ಜಾರ?"

ಅಜ್ಜಾರು ಹುಡುಗಿಯ ಬೆರಳನ್ನು ತಮ್ಮ ಕೆಳತುಟಿಗೆ ಇಟ್ಟುಕೊಂಡು "ವ" ಎಂದರು.

ಇಪ್ಪತ್ತೊಂದನೆಯ ದಿನ ಸಾವಂತ್ರೆವ್ವ ಮಗಳನ್ನು ಕರೆದೊಯ್ಯಲು ಬಂದು ನಿಂತಳು. ನೀಲವ್ವ ಒಂದು ಕೈ ತನ್ನ ಗಂಟಲಿಗೆ, ಒಂದು ಬೆರಳು ತನ್ನ ತುಟಿಗೆ ಇಟ್ಟುಕೊಂಡಳು.

"ಅವ್... ವ."

ಒರಟು ದನಿ. ಮಾತಿನ ಹಾಗೆ ಇರಲೇ ಇಲ್ಲ. ಸಾವಂತ್ರೆವ್ವ ಅಲ್ಲೇ ಉಸುಕಿನಲ್ಲಿ ಕುಸಿದು ಕೂತಳು. ಹುಡುಗಿ ಹತ್ತಿರ ಹೋಗಿ, ಅವ್ವ ಏನು ಅನ್ನುತ್ತಾಳೋ ನೋಡಲು ಅವಳ ಗಂಟಲಿಗೆ ಕೈ ಇಟ್ಟಳು.

ಅಜ್ಜಾರು ಶಾಬಾಸ್ ಅನ್ನಲು ಬಾಯಿ ತೆರೆದರು. ಬರೀ ಗಾಳಿ ಬಂತು. ನೀರು ಕುಡಿದು ಮತ್ತೆ ನೋಡಿದರು. ಏನೂ ಬರಲಿಲ್ಲ.

ತಾಯಿ ಮಗಳು ಹೋದ ಮೇಲೆ ಕಲ್ಲಿನಾಥ ಅವರ ಕಾಲ ಮೇಲೆ ಬಿದ್ದು, ಯಾವ ನಾಚಿಕೆಯೂ ಇಲ್ಲದೆ ಗೊಳೋ ಎಂದು ಅತ್ತ.

"ಆರು ವರ್ಷ ಕಾದೆ. ನನ್ನ ಕಿವಿಗೆ ಒಂದು ಅಕ್ಷರಾನೂ ಬೀಳಲಿಲ್ಲಲ್ರಿ! ಇದ್ದ ದನಿ ಎಲ್ಲಾ ಕಿವಿ ಇಲ್ಲದ ಹುಡುಗಿಗೆ ಕೊಟ್ರಿ. ಇನ್ನ ನನಗೇನೈತಿ?"

ಅಜ್ಜಾರು ಅವನ ತಲೆ ನೇವರಿಸಿದರು. ಆಮೇಲೆ ಅಂಗೈಯಿಂದ ಉಸುಕು ಸಮ ಮಾಡಿ, ಬೆರಳಿನಿಂದ ನಿಧಾನವಾಗಿ ಬರೆದರು:

"ಅಕಿಗೆ ಕಲಿಸೋದು ಇನ್ನೂ ಭಾಳ ಉಳದೈತಿ. ಅಕಿ ತಾನಾಗಿ ಬಂದು ನಿನ್ನ ಗಂಟಲಿಗೆ ಕೈ ಇಟ್ಟ ದಿನ, ನಿನ್ನ ಮಂತ್ರ ನಿನಗ ಸಿಕ್ತು ಅಂತ ತಿಳಿ."